ಧ್ವನಿಮುದ್ರಿತ ಜನಪದ ಗೀತೆಗಳ ವೈಯಕ್ತಿಕ ಡಿಜಿಟಲ್ ಸಂಗ್ರಹ: ವಿಂಗಡಣೆ ಮತ್ತು ನಿರ್ವಹಣೆ

ಕನ್ನಡ ಜಾನಪದದ ಸಂಗ್ರಹಕಾರ್ಯವು ಬಹುಕಾಲ ಕಿವಿ ಮತ್ತು ಲೇಖನಿಗಳನ್ನೇ ನೆಚ್ಚಿಕೊಂಡಿತ್ತು. ಜಾನ್ ಫೇತ್‌ಫುಲ್ ಫ್ಲೀಟ್ ೧೮೮೦ರ ದಶಕದಲ್ಲಿ ಪ್ರಕಟಿಸಿದ ಲಾವಣಿಗಳಾಗಲಿ, ಹಲಸಂಗಿಯ ಗೆಳೆಯರು ೧೯೩೧ರಲ್ಲಿ ಹೊರತಂದ ‘ಗರತಿಯ ಹಾಡು’ ಆಗಲಿ ಅಕ್ಷರರೂಪದಲ್ಲಿ ನಮಗೆ ದಕ್ಕಿವೆ. ಅವನ್ನು ಹಾಡಿದವರ ದನಿ ದಕ್ಕಿಲ್ಲ. ೧೯೬೩ರಲ್ಲಿ ಫಿಲಿಪ್ಸ್ ಸಂಸ್ಥೆಯು ಕ್ಯಾಸೆಟ್ಟನ್ನು ಬಳಕೆಗೆ ತಂದ ತರುವಾಯದ ದಶಕಗಳಲ್ಲಿ ಧ್ವನಿಮುದ್ರಕವು ಕ್ಷೇತ್ರಕಾರ್ಯದ ಅನಿವಾರ್ಯ ಸಾಧನವಾಯಿತು. ಹೀಗೆ ಸಂಗ್ರಹವಾದ ಸಾಮಗ್ರಿಯಲ್ಲಿ ಒಂದು ಭಾಗ ರಾಮನಗರದ ಜಾನಪದ ಲೋಕ, ಉಡುಪಿಯ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ, ವಿಶ್ವವಿದ್ಯಾನಿಲಯಗಳ ಜಾನಪದ ವಿಭಾಗಗಳಂತಹ ಸಂಸ್ಥೆಗಳನ್ನು ಸೇರಿದೆ. ಉಳಿದದ್ದು ಸಂಶೋಧಕರ, ಅಧ್ಯಾಪಕರ, ಹವ್ಯಾಸಿ ಸಂಗ್ರಾಹಕರ ಮನೆಗಳಲ್ಲಿಯೇ ಇದೆ. ಈ ವೈಯಕ್ತಿಕ ಸಂಗ್ರಹಗಳು ಕ್ಯಾಸೆಟ್ಟಿನಿಂದ ಗಣಕಕ್ಕೆ ವರ್ಗಾವಣೆಗೊಳ್ಳುವಾಗ ಪಾಲಿಸಬೇಕಾದ ಕ್ರಮಗಳನ್ನು ಈ ಲೇಖನದಲ್ಲಿ ವಿವೇಚಿಸಲಾಗಿದೆ.

ಹೆಸರಿಲ್ಲದ ಕಡತ

ಕ್ಯಾಸೆಟ್ಟಿನ ಪೆಟ್ಟಿಗೆಯೊಳಗೆ ಒಂದು ಚೀಟಿ ಇರುತ್ತಿತ್ತು. ಅದರ ಮೇಲೆ ಸಂಗ್ರಾಹಕನು ಊರು, ದಿನಾಂಕ, ಹಾಡಿದವರ ಹೆಸರು, ಹಾಡಿನ ಮೊದಲ ಸೊಲ್ಲು ಇವನ್ನು ಅವಸರದ ಕೈಬರಹದಲ್ಲಾದರೂ ಗುರುತಿಸಿಕೊಳ್ಳುತ್ತಿದ್ದನು. ಧ್ವನಿಯನ್ನು ಗಣಕಕ್ಕೆ ಇಳಿಸುವಾಗ ಸಾಮಾನ್ಯವಾಗಿ ಸುರುಳಿಯಲ್ಲಿನ ದನಿ ಮಾತ್ರ ವರ್ಗಾವಣೆಯಾಗುತ್ತದೆ. ಚೀಟಿ ಪೆಟ್ಟಿಗೆಯಲ್ಲಿಯೇ ಉಳಿಯುತ್ತದೆ. ಪೆಟ್ಟಿಗೆಯನ್ನು ಎಸೆದ ದಿನ ಆ ಹಾಡು ಯಾರದೆಂಬ ತಿಳಿವಳಿಕೆಯೂ ಹೋಗುತ್ತದೆ. ಗಣಕದಲ್ಲಿ ‘ಟ್ರ್ಯಾಕ್ ೦೧’, ‘ಹೊಸ ಧ್ವನಿಮುದ್ರಣ ೧೪’ ಎಂಬ ಕಡತಗಳು ಉಳಿಯುತ್ತವೆ. ಸಂಗ್ರಾಹಕನು ಬದುಕಿರುವವರೆಗೆ ಅವನ ನೆನಪೇ ಅವುಗಳ ಸೂಚಿ. ಅವನ ತರುವಾಯ ಅವು ಅನಾಮಿಕ ದನಿಗಳು. ಆದುದರಿಂದ ವರ್ಗಾವಣೆಯ ಮೊದಲ ಕೆಲಸವು ಚೀಟಿಯ ಎರಡೂ ಬದಿಗಳನ್ನು, ಕ್ಷೇತ್ರಕಾರ್ಯದ ಟಿಪ್ಪಣಿ ಪುಸ್ತಕದ ಸಂಬಂಧಪಟ್ಟ ಪುಟಗಳನ್ನು ಛಾಯಾಚಿತ್ರ ತೆಗೆದು ಧ್ವನಿಯ ಜೊತೆಯಲ್ಲಿಯೇ ಇರಿಸುವುದಾಗಿದೆ.

ಪಟ್ಟಿಯ ಕೋಶಗಳು ಮತ್ತು ಜನಪದ ಹಾಡು

ಸಂಗೀತದ ಕಡತದೊಳಗೆ ವಿವರ ತುಂಬುವ ವ್ಯವಸ್ಥೆಯ ಇತಿಹಾಸವೇ ಈ ಸಮಸ್ಯೆಯ ಸ್ವರೂಪವನ್ನು ತಿಳಿಸುತ್ತದೆ. ಎಂಪಿ೩ ಕಡತಗಳಿಗೆಂದು ೧೯೯೬ರಲ್ಲಿ ರೂಪುಗೊಂಡ ‘ಐಡಿ೩’ ಎಂಬ ಗುರುತುಪಟ್ಟಿಗೆ ಕಡತದ ಕೊನೆಯಲ್ಲಿ ೧೨೮ ಬೈಟುಗಳ ಜಾಗವಿತ್ತು. ಹಾಡಿನ ಹೆಸರು, ಕಲಾವಿದ, ಆಲ್ಬಂ ಇವುಗಳಿಗೆ ತಲಾ ೩೦ ಬೈಟು, ವರ್ಷಕ್ಕೆ ೪, ಟಿಪ್ಪಣಿಗೆ ೩೦, ಪ್ರಕಾರಕ್ಕೆ ಒಂದೇ ಒಂದು ಬೈಟು. ಪ್ರಕಾರವನ್ನು ಅಕ್ಷರಗಳಲ್ಲಿ ಬರೆಯುವಂತಿರಲಿಲ್ಲ. ಮೊದಲೇ ನಿಗದಿಯಾದ ೮೦ ಪ್ರಕಾರಗಳ ಪಟ್ಟಿಯಿಂದ ಒಂದು ಸಂಖ್ಯೆಯನ್ನು ಆರಿಸಬೇಕಿತ್ತು. ಸೊನ್ನೆಯಿಂದ ೭೯ರವರೆಗಿನ ಆ ಮೂಲಪಟ್ಟಿಯಲ್ಲಿ ರಾಕ್, ಜಾಝ್, ಡಿಸ್ಕೋ ಇದ್ದವು. ಜನಪದ ಸಂಗೀತ ಎಂಬ ಪ್ರಕಾರ ಇರಲಿಲ್ಲ. ‘ವಿನ್‌ಆಂಪ್’ ಎಂಬ ತಂತ್ರಾಂಶವು ಪಟ್ಟಿಯನ್ನು ವಿಸ್ತರಿಸಿದಾಗ ೮೦ನೆಯ ಸಂಖ್ಯೆಯಾಗಿ ಅದು ಸೇರಿತು.

ಮಾರುಕಟ್ಟೆಯ ಸಂಗೀತಕ್ಕೆಂದು ಹೊಲಿದ ಈ ಅಂಗಿ ಜನಪದ ಗೀತೆಗೆ ಸರಿಹೊಂದುವುದಿಲ್ಲ. ಗೀಗೀ ಮೇಳವೊಂದರಲ್ಲಿ ಮುಮ್ಮೇಳದವರನ್ನು ಕಲಾವಿದರೆಂದು ನಮೂದಿಸಿದರೆ ಹಿಮ್ಮೇಳದವರು ಎಲ್ಲಿ ಹೋದರು? ಇಬ್ಬರು ಹೆಂಗಸರು ಎದುರುಬದುರಾಗಿ ಕುಳಿತು ಬೀಸುತ್ತ ಹಾಡಿದ ಪದಕ್ಕೆ ಆಲ್ಬಂ ಯಾವುದು? ವರ್ಷ ಎಂಬ ಕೋಶದಲ್ಲಿ ಬರೆಯಬೇಕಾದುದು ಧ್ವನಿಮುದ್ರಣದ ವರ್ಷವನ್ನೋ, ಹಾಡುಗಾರ್ತಿಯು ತನ್ನ ತಾಯಿಯಿಂದ ಅದನ್ನು ಕಲಿತ ವರ್ಷವನ್ನೋ? ಈ ಕಾರಣಗಳಿಂದ ಕಡತದೊಳಗಿನ ಗುರುತುಪಟ್ಟಿಯನ್ನೇ ನಂಬದೆ, ಪ್ರತ್ಯೇಕವಾದ ದಾಖಲೆ ಕೋಷ್ಟಕವೊಂದನ್ನು ರಚಿಸಿಕೊಳ್ಳುವುದು ಉಚಿತ.

ವಿಂಗಡಣೆಯ ಕ್ರಮ

ಕಡತಗಳನ್ನು ಜಿಲ್ಲೆಯ ಪ್ರಕಾರ ಜೋಡಿಸಬೇಕೆ, ಹಾಡಿನ ಪ್ರಕಾರಕ್ಕೆ ಅನುಗುಣವಾಗಿಯೆ, ಹಾಡುಗಾರರ ಅನುಕ್ರಮದಲ್ಲಿಯೆ ಎಂಬ ಪ್ರಶ್ನೆ ಸಂಗ್ರಾಹಕರನ್ನು ಕಾಡುವುದುಂಟು. ಸೋಬಾನೆಯ ಕಡತಕೋಶದಲ್ಲಿ ಇಟ್ಟ ಹಾಡು ಮಂಡ್ಯದ ಕೋಶದಲ್ಲಿ ಸಿಗದು. ಎರಡರಲ್ಲಿಯೂ ಇಟ್ಟರೆ ಮೂಲ ಯಾವುದು, ಪ್ರತಿ ಯಾವುದು ಎಂಬ ಗೊಂದಲ ಹುಟ್ಟುತ್ತದೆ. ಕಡತಗಳನ್ನು ಎಂದಿಗೂ ಬದಲಾಗದ ಸಂಗತಿಯ ಆಧಾರದ ಮೇಲೆ, ಅಂದರೆ ಧ್ವನಿಮುದ್ರಣದ ದಿನಾಂಕದ ಮೇಲೆ ಜೋಡಿಸಿ, ಉಳಿದೆಲ್ಲ ವಿಂಗಡಣೆಯನ್ನು ಕೋಷ್ಟಕಕ್ಕೆ ಬಿಡುವುದು ಇದಕ್ಕೆ ಪರಿಹಾರ. ಉದಾಹರಣೆಗೆ ೧೯೯೮-೦೩-೧೨-೦೨-೦೫ ಎಂಬ ಕಡತನಾಮವು ಆ ದಿನದ ಎರಡನೆಯ ಕ್ಯಾಸೆಟ್ಟಿನ ಐದನೆಯ ಹಾಡು ಎಂಬುದನ್ನು ಸೂಚಿಸುತ್ತದೆ. ವರ್ಷವನ್ನು ಮೊದಲು ಬರೆಯುವುದರಿಂದ ಗಣಕವು ಕಡತಗಳನ್ನು ತಾನಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲಿಸುತ್ತದೆ.

ಕೋಷ್ಟಕದಲ್ಲಿ ಪ್ರತಿ ಹಾಡಿಗೂ ಊರು, ತಾಲ್ಲೂಕು, ಜಿಲ್ಲೆ, ಹಾಡಿದವರೆಲ್ಲರ ಹೆಸರು, ವಯಸ್ಸು, ಕಸುಬು, ಯಾರಿಂದ ಕಲಿತದ್ದು, ಹಾಡಿದ ಸಂದರ್ಭ, ವಾದ್ಯಗಳು, ಮೊದಲ ಸೊಲ್ಲು ಇವು ಇರಬೇಕು. ಪ್ರಕಾರಕ್ಕೆ ಎರಡು ಕೋಶಗಳು ಅಗತ್ಯ: ಹಾಡಿದವರು ಅದನ್ನು ಏನೆಂದು ಕರೆದರು ಎಂಬುದು ಒಂದು, ವಿದ್ವಾಂಸರ ವರ್ಗೀಕರಣದಲ್ಲಿ ಅದು ಎಲ್ಲಿ ಸೇರುತ್ತದೆ ಎಂಬುದು ಇನ್ನೊಂದು. ಉತ್ತರ ಕರ್ನಾಟಕದ ರೈತನು ‘ಹಂತಿ ಪದ’ ಎಂದುದನ್ನು ‘ಕೆಲಸದ ಹಾಡು’ ಎಂದಷ್ಟೇ ಬರೆದರೆ ಕಣದ ನೆನಪು ಅಳಿಸಿಹೋಗುತ್ತದೆ. ಮದುವೆಯ ಚಪ್ಪರದಲ್ಲಿ ಹಾಡಿದ ಪದಕ್ಕೂ ಸಂಶೋಧಕನ ಕೋರಿಕೆಯ ಮೇರೆಗೆ ಜಗಲಿಯಲ್ಲಿ ಹಾಡಿದ ಅದೇ ಪದಕ್ಕೂ ವ್ಯತ್ಯಾಸವಿರುವುದರಿಂದ ಸಂದರ್ಭದ ಕೋಶವನ್ನು ಖಾಲಿ ಬಿಡಲಾಗದು.

ನೀಲಗಾರರು, ಕಂಸಾಳೆಯವರು ಇರುಳಿಡೀ ಹಾಡುವ ಮಹಾಕಾವ್ಯಗಳನ್ನು ಬಿಡಿ ಹಾಡುಗಳಂತೆ ತುಂಡರಿಸುವ ರೂಢಿಯೂ ಇದೆ. ಇದು ಸಾಧುವಲ್ಲ. ಪೂರ್ಣ ಮುದ್ರಣವನ್ನು ಒಂದಾಗಿ ಉಳಿಸಿಕೊಂಡು, ಯಾವ ನಿಮಿಷದಲ್ಲಿ ಯಾವ ಸಾಲು ಆರಂಭವಾಗುತ್ತದೆ ಎಂಬ ಸಮಯಸೂಚಿಯನ್ನು ಕೋಷ್ಟಕದಲ್ಲಿ ಕೊಡಬಹುದು. ನಡುವಿನ ಕೆಮ್ಮು, ಮರೆವು, ಕೇಳುಗರ ಮಾತು, ತಂಬೂರಿಯ ಶ್ರುತಿ ಸರಿಪಡಿಸುವಿಕೆ ಇವೆಲ್ಲವೂ ಪ್ರದರ್ಶನದ ಅಂಗಗಳೇ ಆಗಿವೆ. ಗದ್ದಲ ತೆಗೆಯುವ ಸಂಸ್ಕರಣವನ್ನು ಪ್ರತಿಯ ಮೇಲೆ ಮಾಡಬೇಕೇ ಹೊರತು ಮೂಲದ ಮೇಲಲ್ಲ.

ಪಾಠಾಂತರ ಮತ್ತು ‘ನಕಲು’

ಸಂಗೀತ ಸಂಗ್ರಹವನ್ನು ನಿರ್ವಹಿಸುವ ಅನೇಕ ತಂತ್ರಾಂಶಗಳು ಒಂದೇ ಹೆಸರಿನ ಕಡತಗಳನ್ನು ‘ನಕಲು’ ಎಂದು ಗುರುತಿಸಿ ಅಳಿಸುವ ಸೌಲಭ್ಯ ಒದಗಿಸುತ್ತವೆ. ಚಿತ್ರಗೀತೆಗಳ ಸಂಗ್ರಹಕ್ಕೆ ಇದು ಅನುಕೂಲ. ಜಾನಪದ ಸಂಗ್ರಹಕ್ಕೆ ಗಂಡಾಂತರ. ‘ಕೆರೆಗೆ ಹಾರ’ ಎಂಬ ಒಂದೇ ಶೀರ್ಷಿಕೆಯಡಿ ಬೇರೆ ಬೇರೆ ಊರುಗಳ ಹತ್ತು ಮುದ್ರಣಗಳಿದ್ದರೆ ಅವು ಹತ್ತೂ ಪಾಠಾಂತರಗಳು. ಒಬ್ಬಳೇ ಹಾಡುಗಾರ್ತಿ ಹತ್ತು ವರ್ಷಗಳ ಅಂತರದಲ್ಲಿ ಎರಡು ಬಾರಿ ಹಾಡಿದ್ದರೂ ಅವು ಎರಡು ದಾಖಲೆಗಳೇ. ಪಾಠಾಂತರಗಳ ತೌಲನಿಕ ಅಧ್ಯಯನವೇ ಜಾನಪದ ಶಾಸ್ತ್ರದ ಒಂದು ಮುಖ್ಯ ನೆಲೆಯಾಗಿರುವಾಗ, ಇಂತಹ ತಂತ್ರಾಂಶಗಳ ಸ್ವಯಂಚಾಲಿತ ಶುಚಿಕಾರ್ಯವನ್ನು ತಡೆದಿಡುವುದು ಸಂಗ್ರಾಹಕನ ಹೊಣೆ.

ಲಿಪಿಯ ತೊಡಕು

ಕನ್ನಡ ಲಿಪಿಯು ಯೂನಿಕೋಡ್ ಶಿಷ್ಟತೆಯಲ್ಲಿ ೧೯೯೧ರಿಂದಲೇ ಇದ್ದರೂ, ೨೦೦೦ದ ದಶಕದಲ್ಲಿ ಅನೇಕರು ಹಳೆಯ ಮಾದರಿಯ ಅಕ್ಷರಶೈಲಿಗಳಲ್ಲಿಯೇ ಪಟ್ಟಿ ಸಿದ್ಧಪಡಿಸಿದರು. ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಹಾಡುಗಾರರ ಹೆಸರುಗಳು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಿಸುತ್ತವೆ. ಅಂತಹ ಪಟ್ಟಿಗಳನ್ನು ಪರಿವರ್ತಕ ತಂತ್ರಾಂಶಗಳ ಮೂಲಕ ಯೂನಿಕೋಡಿಗೆ ತಂದು, ಒತ್ತಕ್ಷರಗಳ ದೋಷಗಳನ್ನು ಕೈಯಿಂದ ತಿದ್ದಬೇಕಾಗುತ್ತದೆ. ಕೋಷ್ಟಕವನ್ನು ಯಾವುದೇ ಗಣಕವು ತೆರೆಯಬಲ್ಲ ಸರಳ ಪಠ್ಯರೂಪದಲ್ಲಿಯೂ ಕಾಗದದ ಮೇಲೆ ಮುದ್ರಿಸಿಯೂ ಇಡುವುದು ಕ್ಷೇಮಕರ.

ಧ್ವನಿಯ ಗುಣಮಟ್ಟ ಮತ್ತು ರಕ್ಷಣೆ

ಧ್ವನಿ ಮತ್ತು ದೃಕ್-ಶ್ರವ್ಯ ಸಂಗ್ರಹಾಗಾರಗಳ ಅಂತರರಾಷ್ಟ್ರೀಯ ಸಂಘವು ಸಂರಕ್ಷಣೆಗೆ ಕನಿಷ್ಠ ೪೮ ಕಿಲೋಹರ್ಟ್ಸ್, ೨೪ ಬಿಟ್ ಗುಣಮಟ್ಟವನ್ನು ಶಿಫಾರಸು ಮಾಡಿದೆ. ಈ ಮಟ್ಟದ ಎರಡು ವಾಹಿನಿಗಳ ಮುದ್ರಣವು ಗಂಟೆಗೆ ಸುಮಾರು ೧.೦೪ ಗಿಗಾಬೈಟ್ ಜಾಗವನ್ನು ಬೇಡುತ್ತದೆ. ಸೆಕೆಂಡಿಗೆ ೧೨೮ ಕಿಲೋಬಿಟ್ ವೇಗದ ಎಂಪಿ೩ಗೆ ಸುಮಾರು ೫೮ ಮೆಗಾಬೈಟ್ ಸಾಕು. ಎಂಪಿ೩ಯು ಈ ಉಳಿತಾಯವನ್ನು ಮನುಷ್ಯನ ಕಿವಿಗೆ ಕೇಳಿಸದೆಂದು ಅಂದಾಜಿಸಿದ ಅಂಶಗಳನ್ನು ಕೈಬಿಟ್ಟು ಸಾಧಿಸುತ್ತದೆ. ಕೈಬಿಟ್ಟದ್ದು ಮರಳಿ ಬಾರದು. ಆದುದರಿಂದ ಮೂಲವನ್ನು ವೇವ್ ರೂಪದಲ್ಲಿ, ಅಥವಾ ೨೦೦೧ರಲ್ಲಿ ಬಂದ, ನಷ್ಟವಿಲ್ಲದೆ ಸಂಕುಚಿಸುವ ಫ್ಲ್ಯಾಕ್ ರೂಪದಲ್ಲಿ ಉಳಿಸಿ, ಹಂಚಿಕೆಗೆ ಮಾತ್ರ ಎಂಪಿ೩ಯನ್ನು ಬಳಸಬೇಕು. ಪ್ರತಿಗಳು ಮೂರಿರಲಿ, ಅವು ಎರಡು ಬಗೆಯ ಮಾಧ್ಯಮಗಳಲ್ಲಿರಲಿ, ಒಂದು ಪ್ರತಿ ಬೇರೆ ಊರಿನಲ್ಲಿರಲಿ. ವರ್ಷಕ್ಕೊಮ್ಮೆಯಾದರೂ ಅವನ್ನು ತೆರೆದು ಪರಿಶೀಲಿಸದಿದ್ದರೆ ಮೂರು ಪ್ರತಿಗಳೂ ಹೆಸರಿಗೆ ಮಾತ್ರ ಉಳಿಯುತ್ತವೆ.

ಹಾಡುಗಾರರ ಹೆಸರು

ಹೆಸರಿನ ಕೋಶಕ್ಕೆ ಇಷ್ಟು ಒತ್ತು ಕೊಡುವುದಕ್ಕೆ ಶಾಸ್ತ್ರೀಯ ಹಾಗೂ ನ್ಯಾಯಸಂಬಂಧಿ ಕಾರಣಗಳಿವೆ. ‘ಜನಪದದ ಕರ್ತೃ ಅಜ್ಞಾತ’ ಎಂಬ ಸೂತ್ರವು ಹಾಡಿನ ರಚನೆಗೆ ಅನ್ವಯಿಸಬಹುದು, ಹಾಡಿಕೆಗೆ ಅನ್ವಯಿಸದು. ಲೌರಿ ಹೊಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರೊಡನೆ ೧೯೯೦ರಲ್ಲಿ ದಾಖಲಿಸಿದ ತುಳು ಸಿರಿ ಕಾವ್ಯವು ೧೫,೬೮೩ ಸಾಲುಗಳಲ್ಲಿ ೧೯೯೮ರಲ್ಲಿ ಪ್ರಕಟವಾದಾಗ, ಅದನ್ನು ಹಾಡಿದ ಗೋಪಾಲ ನಾಯ್ಕರ ಹೆಸರು ಗ್ರಂಥದ ಶೀರ್ಷಿಕೆಯಲ್ಲಿಯೇ ಸ್ಥಾನ ಪಡೆಯಿತು. ೧೯೫೭ರ ಭಾರತೀಯ ಕೃತಿಸ್ವಾಮ್ಯ ಕಾಯ್ದೆಯು ೧೯೯೪ರ ತಿದ್ದುಪಡಿಯ ಮೂಲಕ ‘ಪ್ರದರ್ಶಕ’ ಎಂಬ ಪದದ ವ್ಯಾಪ್ತಿಗೆ ಗಾಯಕರ ಜೊತೆಗೆ ಹಾವಾಡಿಗರನ್ನೂ ಸೇರಿಸಿತು; ೨೦೧೨ರ ತಿದ್ದುಪಡಿಯು ಪ್ರದರ್ಶಕರಿಗೆ ತಮ್ಮ ಪ್ರದರ್ಶನದೊಡನೆ ಗುರುತಿಸಿಕೊಳ್ಳುವ ನೈತಿಕ ಹಕ್ಕನ್ನು ನೀಡಿತು. ಸಂಗ್ರಹದಲ್ಲಿ ಹೆಸರೇ ಇಲ್ಲದಿದ್ದರೆ ಈ ಹಕ್ಕನ್ನು ಕೇಳುವವರು ಯಾರು? ಧ್ವನಿಮುದ್ರಣಕ್ಕೆ, ಹಂಚಿಕೆಗೆ ಹಾಡುಗಾರರು ನೀಡಿದ ಒಪ್ಪಿಗೆಯ ವಿವರವನ್ನೂ, ಆಚರಣೆಯ ಹೊರಗೆ ಕೇಳಿಸಬಾರದೆಂದು ಅವರು ವಿಧಿಸಿದ ಕಟ್ಟುಪಾಡನ್ನೂ ಕೋಷ್ಟಕದಲ್ಲಿ ನಮೂದಿಸಬೇಕಾದುದು ಇದರ ಮುಂದುವರಿಕೆಯೇ ಆಗಿದೆ.

ಈಗಾಗಲೇ ಹೆಸರು ಕಳೆದುಕೊಂಡ ಕಡತಗಳಿಗೂ ಒಂದು ದಾರಿ ಉಳಿದಿದೆ. ಮುದ್ರಣವಾದ ಊರು ಅಥವಾ ಸೀಮೆ ತಿಳಿದಿದ್ದರೆ ಆ ದನಿಯನ್ನು ಅಲ್ಲಿಗೇ ಒಯ್ದು ಹಿರಿಯರಿಗೆ ಕೇಳಿಸಬಹುದು. ಜೊತೆಯಲ್ಲಿ ಹಾಡಿದವರು, ಸೊಸೆಯಂದಿರು, ಮೊಮ್ಮಕ್ಕಳು ದನಿಯನ್ನು ಗುರುತಿಸುವ ಸಾಧ್ಯತೆ ಇದೆ. ದನಿಯನ್ನು ಗುರುತಿಸಬಲ್ಲ ಈ ಕಿವಿಗಳಿಗೂ ವಯಸ್ಸಾಗುತ್ತಿರುವುದರಿಂದ, ಕಡತಗಳ ಗುಣಮಟ್ಟವನ್ನು ಹೆಚ್ಚಿಸುವ ಕೆಲಸಕ್ಕಿಂತ ಮೊದಲು ಸಂಗ್ರಾಹಕರು ಕೈಗೊಳ್ಳಬೇಕಾದ ಕ್ಷೇತ್ರಕಾರ್ಯ ಇದೇ ಆಗಿದೆ.