ಮೂರೂಕಾಲು ಸೆಕೆಂಡಿನ ಕಳವು

2025ರಲ್ಲಿ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಜಾಶ್ ನೇಲರ್ ಎಂಬ ಆಟಗಾರ 32 ಸಲ ಬೇಸ್ ಕದಿಯಲು ಹೊರಟು 30 ಸಲ ಗೆದ್ದ. ಆತ ಚಿಗರೆಯಂಥ ಓಟಗಾರನಾಗಿದ್ದರೆ ಇದನ್ನು ಇಲ್ಲಿ ಬರೆಯುವ ಅಗತ್ಯವೇ ಇರಲಿಲ್ಲ. ದಪ್ಪ ಮೈಕಟ್ಟಿನ ನೇಲರ್ ಇಡೀ ಲೀಗಿನಲ್ಲೇ ತೀರಾ ನಿಧಾನವಾಗಿ ಓಡುವವರಲ್ಲೊಬ್ಬ. ಅದೇ ವರ್ಷ, ಓಟದಲ್ಲಿ ಸರಾಸರಿಗಿಂತ ಕೆಳಗಿರುವ ಹ್ವಾನ್ ಸೋಟೊ 38 ಬೇಸ್ ಕದ್ದ. ಬೇಸ್ ಕದಿಯುವುದು ಕಾಲಿನ ಕಸುಬು ಎಂಬ ಹಳೆಯ ನಂಬಿಕೆ ಇಲ್ಲಿ ಅಲುಗಾಡುತ್ತದೆ. ಅದು ಮೊದಲು ಕಣ್ಣಿನ ಕೆಲಸ, ಆಮೇಲೆ ಲೆಕ್ಕದ್ದು. ಕಾಲಿನ ಸರದಿ ಕೊನೆಯದು ಎಂದೇ ನನ್ನ ವಾದ.

ಆಟದ ಪರಿಚಯ ಇಲ್ಲದವರಿಗೆ ಒಂದೆರಡು ಮಾತು. ಬೇಸ್‌ಬಾಲ್ ಅಂಗಳದ ಚೌಕದಲ್ಲಿ ನಾಲ್ಕು ಬೇಸ್‌ಗಳಿವೆ, ಒಂದರಿಂದ ಇನ್ನೊಂದಕ್ಕೆ 90 ಅಡಿ. ಮೊದಲ ಬೇಸ್ ತಲುಪಿದವನು ಎರಡು, ಮೂರು ದಾಟಿ ಹೋಮ್‌ಗೆ ಮರಳಿದರೆ ಒಂದು ರನ್. ಸಾಮಾನ್ಯವಾಗಿ ಜೊತೆಗಾರ ಚೆಂಡು ಬಾರಿಸಿದಾಗ ಮುಂದೆ ಓಡುತ್ತಾನೆ. ಆ ತನಕ ಕಾಯದೆ, ಪಿಚರ್ ಬ್ಯಾಟರ್‌ನತ್ತ ಚೆಂಡೆಸೆಯುವ ಹೊತ್ತಿಗೇ ಮುಂದಿನ ಬೇಸ್‌ಗೆ ನುಗ್ಗಿದರೆ ಅದು ಕಳವು. ಚೆಂಡು ಕೈಬಿಡುವ ಮೊದಲೇ ಕ್ರೀಸ್ ಬಿಟ್ಟ ನಾನ್-ಸ್ಟ್ರೈಕರ್‌ನನ್ನು ರನೌಟ್ ಮಾಡಿದ ಬೌಲರ್‌ಗೆ ನಮ್ಮ ಕ್ರಿಕೆಟ್‌ನಲ್ಲಿ ಬೈಗುಳ ಬೀಳುತ್ತಿತ್ತು. 2022ರಲ್ಲಿ ಐಸಿಸಿ ಅದನ್ನು ಸಾಮಾನ್ಯ ರನೌಟ್‌ಗಳ ಸಾಲಿಗೆ ಸೇರಿಸಬೇಕಾಯಿತು. ಬೇಸ್‌ಬಾಲ್‌ನಲ್ಲಿ ಈ ಮುಜುಗರವೇ ಇಲ್ಲ. ಓಟಗಾರ ಎಲ್ಲರೆದುರೇ ಬೇಸ್‌ನಿಂದ ಹತ್ತು-ಹನ್ನೆರಡು ಅಡಿ ಸರಿದು ನಿಲ್ಲುತ್ತಾನೆ. ಪಿಚರ್ ತಿರುಗಿ ಮೊದಲ ಬೇಸ್‌ಗೆ ಚೆಂಡೆಸೆದು ಅವನನ್ನು ಔಟ್ ಮಾಡಲು ನೋಡುತ್ತಾನೆ.

ಪಿಚರ್ ಚಲನೆ ಶುರುಮಾಡಿದ ಕ್ಷಣದಿಂದ ಚೆಂಡು ಬ್ಯಾಟರ್‌ನ ಹಿಂದೆ ಕೂತ ಕ್ಯಾಚರ್‌ನ ಕೈಗವಸು ಸೇರಲು ಸುಮಾರು 1.3 ಸೆಕೆಂಡ್. ಕ್ಯಾಚರ್ ಅದನ್ನು ಹಿಡಿದು, ಎದ್ದು, ಎರಡನೇ ಬೇಸ್‌ಗೆ ಎಸೆದು ಮುಟ್ಟಿಸಲು ಇನ್ನೊಂದು 2 ಸೆಕೆಂಡ್. ಕೂಡಿದರೆ ಮೂರೂಕಾಲು ಸೆಕೆಂಡಿನ ಆಸುಪಾಸು. ಅಷ್ಟರಲ್ಲಿ ಓಟಗಾರ ಎಂಬತ್ತು ಅಡಿ ಕ್ರಮಿಸಬೇಕು. ಅತಿವೇಗಿಗೂ ಸಾಧಾರಣ ಓಟಗಾರನಿಗೂ ಇಲ್ಲಿ ಇರುವ ಅಂತರ ಸೆಕೆಂಡಿನ ಒಂದು ಸಣ್ಣ ಚೂರು. ಪಿಚರ್ ಬ್ಯಾಟರ್‌ನತ್ತ ಎಸೆಯುವನೋ ತನ್ನತ್ತ ತಿರುಗುವನೋ ಎಂಬುದನ್ನು ಅವನ ಹಿಮ್ಮಡಿ ಏಳುವ ರೀತಿಯಿಂದಲೋ ಹೆಗಲು ವಾಲುವ ರೀತಿಯಿಂದಲೋ ಒಂದು ಗಳಿಗೆ ಮುಂಚೆ ಕಂಡುಕೊಂಡವನು ಅಷ್ಟನ್ನೂ ನಿಂತಲ್ಲೇ ಸಂಪಾದಿಸಿಬಿಡುತ್ತಾನೆ. ಎಡಗೈ ಪಿಚರ್ ಮೊದಲ ಬೇಸ್‌ಗೆ ಮುಖ ಮಾಡಿಯೇ ನಿಲ್ಲುವುದರಿಂದ ಅವನ ಮುಂದೆ ಈ ಆಟ ಹೆಚ್ಚು ಕಷ್ಟ.

ಇನ್ನು ಲೆಕ್ಕ. ಯಾರೂ ಔಟಾಗದೆ ಮೊದಲ ಬೇಸ್‌ನಲ್ಲಿ ಒಬ್ಬನಿದ್ದರೆ ಆ ಇನ್ನಿಂಗ್ಸ್‌ನಲ್ಲಿ ತಂಡ ಸರಾಸರಿ 0.9 ರನ್‌ನಷ್ಟು ಗಳಿಸುತ್ತದೆ. ಅವನು ಎರಡನೇ ಬೇಸ್ ಕದ್ದರೆ ಅದು 1.1ಕ್ಕೆ ಏರುತ್ತದೆ. ಸಿಕ್ಕಿಬಿದ್ದರೆ? ಬೇಸ್ ಖಾಲಿ, ಮೇಲೊಂದು ಔಟ್, ನಿರೀಕ್ಷೆ 0.25ರ ಹತ್ತಿರಕ್ಕೆ ಕುಸಿಯುತ್ತದೆ. ಗೆದ್ದರೆ ಚಿಲ್ಲರೆ, ಸೋತರೆ ಗಂಟೇ ಹೋಯಿತು. ಹಾಗಾಗಿ ನಾಲ್ಕರಲ್ಲಿ ಹೆಚ್ಚುಕಡಿಮೆ ಮೂರು ಸಲ ಗೆಲ್ಲದವನು ತಂಡಕ್ಕೆ ಹೊರೆ. ಈ ಕಣ್ಣಿನಿಂದ ನೋಡಿದರೆ ದೊಡ್ಡ ದಾಖಲೆಗಳೂ ಬೇರೆಯಾಗಿ ಕಾಣುತ್ತವೆ. 1982ರಲ್ಲಿ ರಿಕಿ ಹೆಂಡರ್ಸನ್ 130 ಬೇಸ್ ಕದ್ದ. ಆಧುನಿಕ ಬೇಸ್‌ಬಾಲ್‌ನ ಆ ಒಂದೇ ಋತುವಿನ ದಾಖಲೆ ಇಂದಿಗೂ ಹಾಗೇ ಇದೆ. ಆದರೆ ಅದೇ ವರ್ಷ 42 ಸಲ ಸಿಕ್ಕಿಬಿದ್ದ, ಅಂದರೆ ಗೆಲುವು ಶೇ 76ರೊಳಗೆ. ಕೂಡಿ ಕಳೆದರೆ ಉಳಿದದ್ದು ಅಲ್ಪ. 2024ರಲ್ಲಿ ಶೋಹೆ ಒಟಾನಿ ಕದ್ದದ್ದು 59, ಸಿಕ್ಕಿಬಿದ್ದದ್ದು ಬರೀ 4. ಲಾಭದ ಕಳವು ಅಂದರೆ ಅದು. ಹಾಗೆಂದು ಹೆಂಡರ್ಸನ್ ಸಣ್ಣವನಾಗುವುದಿಲ್ಲ. 1406 ಕಳವುಗಳ ಅವನ ಇಡೀ ವೃತ್ತಿಜೀವನದಲ್ಲಿ ಗೆಲುವು ಶೇ 80ಕ್ಕೂ ಮೇಲೆ.

ಸರಾಸರಿಯ ಲೆಕ್ಕ ಬಿಗಿಯಾದ ಗಳಿಗೆಯಲ್ಲಿ ನಡೆಯುವುದಿಲ್ಲ ಎಂಬ ಆಕ್ಷೇಪ ಇದೆ. ನಿಜ. 2004ರ ಅಕ್ಟೋಬರ್ 17ರ ರಾತ್ರಿ ಬಾಸ್ಟನ್ ರೆಡ್ ಸಾಕ್ಸ್ ತಂಡ ನ್ಯೂಯಾರ್ಕ್ ಯಾಂಕೀಸ್ ವಿರುದ್ಧ ಸರಣಿಯಲ್ಲಿ 0-3, ಪಂದ್ಯದಲ್ಲಿ 3-4 ಹಿಂದಿತ್ತು. ಒಂಬತ್ತನೇ ಇನ್ನಿಂಗ್ಸ್ ನಡೆಯುತ್ತಿತ್ತು. ಬದಲಿ ಓಟಗಾರನಾಗಿ ಬಂದ ಡೇವ್ ರಾಬರ್ಟ್ಸ್ ಓಡಲೆಂದೇ ಬಂದಿದ್ದಾನೆ ಎಂಬುದು ಮೈದಾನಕ್ಕೆಲ್ಲ ಗೊತ್ತಿತ್ತು. ಪಿಚರ್ ಮರಿಯಾನೊ ರಿವೇರಾ ಮೂರು ಸಲ ಅವನತ್ತ ಚೆಂಡೆಸೆದ. ಆಮೇಲೆ ಬ್ಯಾಟರ್‌ಗೆ ಹಾಕಿದ ಮೊದಲ ಎಸೆತಕ್ಕೇ ರಾಬರ್ಟ್ಸ್ ನುಗ್ಗಿ, ಕೂದಲೆಳೆಯಲ್ಲಿ ಬಚಾವಾದ. ಬ್ಯಾಟರ್ ಬಿಲ್ ಮ್ಯೂಲರ್ ಹೊಡೆತಕ್ಕೆ ಸಮಬಲದ ರನ್ ಬಂತು. ಬಾಸ್ಟನ್ ಆ ಪಂದ್ಯವನ್ನು, ಸರಣಿಯನ್ನು, 1918ರ ನಂತರದ ತನ್ನ ಮೊದಲ ವಿಶ್ವ ಸರಣಿಯನ್ನೂ ಗೆದ್ದಿತು. ಆದರೆ ಇದು ಲೆಕ್ಕವನ್ನು ಮುರಿದ ಕಥೆಯಲ್ಲ. ಒಂದೇ ರನ್ ಸಾಕೆಂದಾಗ ಎರಡನೇ ಬೇಸ್‌ನ ಬೆಲೆ ಏರುತ್ತದೆ, ಅಷ್ಟಕ್ಕೆ ಅಪಾಯವೂ ಒಪ್ಪಿಗೆಯಾಗುತ್ತದೆ. 1926ರ ವಿಶ್ವ ಸರಣಿಯ ಕೊನೆಯ ಪಂದ್ಯದಲ್ಲಿ, ತಂಡ ಒಂದೇ ರನ್ ಹಿಂದಿದ್ದಾಗ ಬೇಬ್ ರೂತ್ ಎರಡನೇ ಬೇಸ್ ಕದಿಯಲು ಹೋಗಿ ಔಟಾದ. ಸರಣಿ ಅಲ್ಲಿಗೇ ಮುಗಿಯಿತು. ರಾಬರ್ಟ್ಸ್‌ನನ್ನು ನೆನೆಯುವವರು ರೂತ್‌ನನ್ನೂ ನೆನೆಯುವುದು ನ್ಯಾಯ.

ಓಟಗಾರನ ಬೆದರಿಕೆಯೇ ಪಿಚರ್‌ನನ್ನು ಕಂಗೆಡಿಸುತ್ತದೆ, ಅದನ್ನು ಅಂಕಿ ಹಿಡಿಯದು ಎಂಬ ಇನ್ನೊಂದು ಮಾತೂ ಇದೆ. ಇರಬಹುದು, ಆದರೆ ಓಟಗಾರನಿಗೆ ಅನುವಾಗಲೆಂದು ಬ್ಯಾಟರ್ ಒಳ್ಳೆಯ ಎಸೆತಗಳನ್ನೂ ಬಿಡಬೇಕಾಗುತ್ತದೆ. ಆ ಖರ್ಚನ್ನು ಯಾರೂ ಹೇಳುವುದಿಲ್ಲ.

2023ರಲ್ಲಿ ನಿಯಮಗಳೇ ಬದಲಾದವು. ಬೇಸ್ 15 ಇಂಚಿನಿಂದ 18 ಇಂಚಿಗೆ ಹಿಗ್ಗಿತು. ಪಿಚರ್ ಇಷ್ಟು ಹೊತ್ತಿನೊಳಗೆ ಎಸೆಯಬೇಕೆಂದು ಗಡಿಯಾರ ಬಂತು. ಒಬ್ಬ ಬ್ಯಾಟರ್ ಆಡುವಾಗ ಪಿಚರ್ ಎಸೆತ ನಿಲ್ಲಿಸಿ ಓಟಗಾರನತ್ತ ತಿರುಗಬಹುದಾದದ್ದು ಎರಡೇ ಸಲ. ಮೂರನೆಯದರಲ್ಲಿ ಔಟ್ ಮಾಡದಿದ್ದರೆ ಓಟಗಾರನಿಗೆ ಮುಂದಿನ ಬೇಸ್ ಪುಕ್ಕಟೆ. 2022ರಲ್ಲಿ 2486 ಇದ್ದ ಕಳವು 3503ಕ್ಕೆ ಜಿಗಿಯಿತು, ಗೆಲುವಿನ ಪ್ರಮಾಣ ಶೇ 75ರಿಂದ 80ಕ್ಕೆ. ದೊಡ್ಡ ಬೇಸ್‌ನಿಂದ ಹೀಗಾಯಿತು ಎನ್ನುವವರು ಅಳತೆ ನೋಡಲಿ: ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಕಡಿಮೆಯಾದದ್ದು ನಾಲ್ಕೂವರೆ ಇಂಚು, ಓಟದಲ್ಲಿ ಸೆಕೆಂಡಿನ ನೂರನೇ ಒಂದೆರಡು ಪಾಲು. ಪಿಚರ್‌ನ ಕೈ ಕಟ್ಟಿಹಾಕಿದ್ದೇ ದೊಡ್ಡದು. ಎರಡು ಸಲ ತಿರುಗಿಬಿಟ್ಟ ಪಿಚರ್ ಮುಂದೆ ಓಟಗಾರ ಇನ್ನಷ್ಟು ದೂರ ಸರಿದು ನಿಲ್ಲಬಲ್ಲ. ನೇಲರ್‌ನಂಥವರಿಗೆ ಬೇಕಿದ್ದದ್ದು ಅಷ್ಟೇ. ಶೇ 80 ಗೆಲ್ಲುತ್ತಿದ್ದರೆ ಇನ್ನೂ ಹೆಚ್ಚು ಓಡಬಾರದೇಕೆ ಎಂದು ಕೇಳಬಹುದು. ಈಗ ಓಡುತ್ತಿರುವುದು ಆರಿಸಿಕೊಂಡ ಅವಕಾಶಗಳಲ್ಲಿ. ಹೊಸದಾಗಿ ಸೇರುವ ಪ್ರತಿ ಓಟವೂ ಅದಕ್ಕಿಂತ ಕಳಪೆ ಅವಕಾಶದ್ದೇ. 2024ರಲ್ಲಿ ಒಟ್ಟು ಕಳವು 3617. ಏರಿದೆ, ಆದರೆ ಹಿಂದಿನ ವರ್ಷದಂತೆ ಜಿಗಿದಿಲ್ಲ.