ದಾರಿಯ ಮೇಲೆ ದುಡಿಯುವವರಿಗೆ ಮನೆಯ ಬುತ್ತಿ

ಬಿ.ಸಿ. ರೋಡಿನಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 75 ನಮ್ಮವರಿಗೆ ಹೊಸದಲ್ಲ. ಶಿರಾಡಿ ಘಾಟಿ ಹತ್ತಿ, ಸಕಲೇಶಪುರ, ಹಾಸನ ದಾಟಿ ಬೆಂಗಳೂರಿಗೆ ಹೋಗುವ ದಾರಿ. ಲಾರಿಯವರು, ಪಿಕಪ್‌ನವರು, ಮೀನಿನ ಗಾಡಿಯವರು, ಟೂರಿಸ್ಟ್ ಕಾರಿನವರು ಅಂತ ಈ ದಾರಿಯಿಂದಲೇ ಅನ್ನ ಉಣ್ಣುವ ಬ್ಯಾರಿ ಮನೆಗಳು ನಮ್ಮಲ್ಲಿ ಎಷ್ಟೋ ಉಂಟು. ಈ ಹೆದ್ದಾರಿ ಬೆಂಗಳೂರಿಗೆ ಮುಗಿಯುವುದಿಲ್ಲ. ಕೋಲಾರ, ಮುಳಬಾಗಿಲು ದಾಟಿ ವೆಲ್ಲೂರಿನ ಕಡೆಗೆ ಹೋಗುತ್ತದೆ. ಕೋಲಾರದಿಂದ ಸ್ವಲ್ಪ ದಕ್ಷಿಣಕ್ಕೆ ಬಂಗಾರಪೇಟೆ, ಅದರಾಚೆ ಕೆಜಿಎಫ್. ಈ ವಾರ ಆ ಊರಿನವರ ಬುತ್ತಿಯ ಬಗ್ಗೆ ಬರೆಯುತ್ತೇನೆ. ನಮ್ಮ ಚಾಲಕರ ಮನೆಗಳಿಗೆ ಅದರಲ್ಲಿ ಕಲಿಯುವುದಕ್ಕೆ ತುಂಬ ಉಂಟು.

ಕೆಜಿಎಫ್‌ನಲ್ಲಿ ಜಾನ್ ಟೇಲರ್ ಕಂಪನಿ ಗಣಿ ಕೆಲಸ ಶುರು ಮಾಡಿದ್ದು 1880ರಲ್ಲಿ. ನೂರಿಪ್ಪತ್ತು ವರ್ಷ ಅಲ್ಲಿನವರಿಗೆ ಕೆಲಸ ಮನೆ ಬಾಗಿಲಲ್ಲೇ ಇತ್ತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಅಲ್ಲಿಂದ ಮುಂದೆ ಗಣಿ ಕಾರ್ಮಿಕರ ಮಕ್ಕಳಿಗೆ ಬೆಂಗಳೂರೇ ಗತಿಯಾಯಿತು. ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ನಸುಕಿಗೇ ರೈಲು ಹತ್ತುತ್ತಾರೆ. ಬಂಗಾರಪೇಟೆಯಿಂದ ಬೆಂಗಳೂರಿಗೆ ಮತ್ತೆ ಸುಮಾರು 70 ಕಿ.ಮೀ. ಸೆಕ್ಯುರಿಟಿ ಕೆಲಸ, ಹೌಸ್‌ಕೀಪಿಂಗ್, ಗಾರ್ಮೆಂಟ್ಸ್, ಆಸ್ಪತ್ರೆ, ಅಂಗಡಿ, ಈಗ ಕಂಪ್ಯೂಟರ್ ಕಂಪನಿಯೂ ಸೇರಿತು. ಕತ್ತಲಲ್ಲಿ ಹೊರಟು ಕತ್ತಲಲ್ಲೇ ಮನೆ ಸೇರುವವರು. ಹದಿಮೂರು ಹದಿನಾಲ್ಕು ಗಂಟೆ ಹೊರಗೆ. ಹೊರಗಿನ ಊಟಕ್ಕೆ ದಿನಾ ದುಡ್ಡು ಕೊಟ್ಟರೆ ಸಂಬಳದಲ್ಲಿ ಉಳಿಯುವುದು ಎಂತದು? ಹಾಗಾಗಿ ಕೈಯಲ್ಲಿ ಬುತ್ತಿ.

ಬಂಗಾರಪೇಟೆಯಲ್ಲಿ ಕೆಲವು ಕಾಲ ಮಕ್ಕಳಿಗೆ ಓದಿಸುತ್ತಿದ್ದಾಗ ಆ ರೈಲಿನಲ್ಲಿ ಆಗಾಗ ಹೋಗುತ್ತಿದ್ದೆ. ಕೂರಲು ಜಾಗ ಸಿಕ್ಕಿದವರು ಮಾಲೂರು ಬರುವಷ್ಟರಲ್ಲಿ ಒಂದು ಡಬ್ಬಿ ಬಿಚ್ಚುತ್ತಾರೆ. ಇನ್ನೊಂದು ಡಬ್ಬಿ ಮಧ್ಯಾಹ್ನಕ್ಕೆ. ಒಳಗೆ ಏನುಂಟು ಅಂತ ನೋಡಿದರೆ ಹೆಚ್ಚಾಗಿ ನಿಂಬೆಹಣ್ಣಿನ ಚಿತ್ರಾನ್ನ, ಪುಳಿಯೋಗರೆ, ಮೊಸರನ್ನ, ಎಣ್ಣೆ ಕಲಸಿದ ಚಟ್ನಿಪುಡಿ ಸವರಿದ ಇಡ್ಲಿ, ಇಲ್ಲವೇ ರಾಗಿ ರೊಟ್ಟಿ. ಇದನ್ನು ಬಡತನದ ಊಟ ಅಂತ ಯಾರೂ ತಿಳಿಯಬೇಡಿ. ಹುಣಸೆ, ನಿಂಬೆಯ ಹುಳಿ ಇದ್ದರೆ ಅನ್ನ ಬೇಗ ಹಳಸುವುದಿಲ್ಲ. ಹಸಿ ತೆಂಗಿನಕಾಯಿ ಚಟ್ನಿ ಮಧ್ಯಾಹ್ನಕ್ಕೆ ಮುಗ್ಗಲು ವಾಸನೆ ಬರುತ್ತದೆ, ಒಣ ಚಟ್ನಿಪುಡಿ ಬರುವುದಿಲ್ಲ. ಮೊಸರನ್ನಕ್ಕೂ ಅವರು ಬೆಳಿಗ್ಗೆ ಮೊಸರು ಸುರಿಯುವುದಿಲ್ಲ. ಅನ್ನಕ್ಕೆ ಉಗುರುಬೆಚ್ಚಗಿನ ಹಾಲು ಹಾಕಿ ಒಂದು ಚಮಚ ಮೊಸರು ಕಲಸುತ್ತಾರೆ, ಊಟದ ಹೊತ್ತಿಗೆ ಅದು ಡಬ್ಬಿಯಲ್ಲೇ ಹೆಪ್ಪಾಗಿರುತ್ತದೆ. ಗಾಡಿ ಕುಲುಕಿದರೂ ಚೆಲ್ಲುವುದಿಲ್ಲ, ನಿಂತುಕೊಂಡು ಒಂದೇ ಕೈಯಲ್ಲಿ ತಿನ್ನಬಹುದು.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದದ್ದಕ್ಕೆ ಬರುತ್ತೇನೆ. ಕೋಲಾರ ಸೀಮೆ ರಾಗಿಯ ನಾಡು. ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ, ಮಳೆ ನಂಬಿದ ಬೆಳೆ. ಅಲ್ಲಿಯ ಮನೆಗಳಲ್ಲಿ ರಾಗಿ ಹುರಿಹಿಟ್ಟು ಅಂತ ಒಂದು ಉಂಟು. ಹಿಂದಿನವರು ದೂರ ಪ್ರಯಾಣಕ್ಕೆ ಕಟ್ಟಿಕೊಂಡು ಹೋಗುತ್ತಿದ್ದದ್ದು ಇದನ್ನೇ. ರಾಗಿ ತೊಳೆದು ನೀರು ಬಸಿದು, ಬಟ್ಟೆಯಲ್ಲಿ ಕೆಲವು ಗಂಟೆ ಕಟ್ಟಿಡಬೇಕು. ತೇವ ಆರುತ್ತಾ ಬಂದಾಗ ದಪ್ಪ ಬಾಣಲೆಯಲ್ಲಿ ಚೆನ್ನಾಗಿ ಕಾಯಿಸಿ, ಸ್ವಲ್ಪ ಸ್ವಲ್ಪವೇ ಹಾಕಿ ಅರಳು ಅರಳಾಗಿ ಸಿಡಿಯುವಂತೆ ಹುರಿಯಬೇಕು. ಆರಿದ ಮೇಲೆ ಹುಡಿ ಮಾಡಿ ಡಬ್ಬಿಗೆ ತುಂಬಿದರೆ ಆಯಿತು. ಒಂದು ಹಿಡಿ ಹುರಿಗಡಲೆ ಸೇರಿಸಿ ಹುಡಿ ಮಾಡುವವರೂ ಇದ್ದಾರೆ. ತಿನ್ನುವಾಗ ಒಲೆ ಬೇಡ, ಬಿಸಿನೀರೂ ಬೇಡ. ಮೂರು ನಾಲ್ಕು ಚಮಚಕ್ಕೆ ಬೆಲ್ಲ, ಹಾಲು ಹಾಕಿ ಉಂಡೆ ಮಾಡಿ. ಹಾಲಿಲ್ಲದಿದ್ದರೆ ನೀರಾದರೂ ನಡೆಯುತ್ತದೆ. ಸಕ್ಕರೆ ಕಾಯಿಲೆ ಇರುವವರು ಬೆಲ್ಲ ಬಿಟ್ಟು ಮಜ್ಜಿಗೆ, ಉಪ್ಪು ಹಾಕಿ ಕಲಸಿಕೊಳ್ಳಬೇಕು.

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಉಂಟು. ನಾವು ತಿನ್ನುವ ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಅದು 10 ಮಿಲಿಗ್ರಾಂ ಕೂಡ ಇಲ್ಲ. ಆದರೆ ರಾಗಿ ತಿಂದರೆ ಶುಗರ್ ಏರುವುದೇ ಇಲ್ಲ ಅಂತ ಹೇಳಿಕೊಂಡು ತಿರುಗುವವರನ್ನು ನಂಬಬೇಡಿ. ಅದೂ ಧಾನ್ಯವೇ. ನುಣ್ಣಗೆ ಹುಡಿ ಮಾಡಿದ್ದನ್ನು ಲೋಟಗಟ್ಟಲೆ ಕುಡಿದರೆ ಏರಿಯೇ ಏರುತ್ತದೆ. ಜೊತೆಗೆ ಒಂದು ಹಿಡಿ ನೆಲಗಡಲೆಯೋ ಬೇಯಿಸಿದ ಮೊಟ್ಟೆಯೋ ಇದ್ದರೆ ಒಳ್ಳೆಯದು. ಒಂದು ಮೊಟ್ಟೆಯಲ್ಲಿ 6 ಗ್ರಾಂ, 30 ಗ್ರಾಂ ನೆಲಗಡಲೆಯಲ್ಲಿ 7 ಗ್ರಾಂನಷ್ಟು ಪ್ರೋಟೀನ್ ಸಿಗುತ್ತದೆ.

ಸಕ್ಕರೆ ಕಾಯಿಲೆಯ ಮಾತು ಬಂತಲ್ಲ, ಚಾಲಕರ ಮನೆಯವರು ಇದನ್ನು ಸರಿಯಾಗಿ ಓದಿಕೊಳ್ಳಿ. ಬೆಳಿಗ್ಗೆ ಶುಗರ್ ಮಾತ್ರೆ ನುಂಗಿ ಅಥವಾ ಇನ್ಸುಲಿನ್ ತೆಗೆದುಕೊಂಡು, ಲೋಡ್ ಇಳಿಸಿ ಮತ್ತೆ ತಿನ್ನುವ ಅಂತ ಊಟ ಮುಂದೂಡುವವರು ಎಷ್ಟು ಜನ ಇಲ್ಲ! ಗ್ಲಿಮಿಪಿರೈಡ್‌ನಂತಹ ಮಾತ್ರೆ ತೆಗೆದುಕೊಂಡು ಹೊತ್ತಿಗೆ ತಿನ್ನದಿದ್ದರೆ ರಕ್ತದ ಸಕ್ಕರೆ ಒಮ್ಮೆಲೇ ಇಳಿಯಬಹುದು. ಬೆವರು, ಕೈ ನಡುಕ, ಕಣ್ಣು ಮಂಜು, ತಲೆ ಗೊಂದಲ. ಇದು ಸ್ಟೇರಿಂಗ್ ಹಿಡಿದವನಿಗೆ ಘಾಟಿಯ ತಿರುವಿನಲ್ಲಿ ಆದರೆ? ಲಕ್ಷಣ ಕಂಡ ಕೂಡಲೇ ಗಾಡಿ ಬದಿಗೆ ಹಾಕಬೇಕು. ಮೂರು ಚಮಚ ಸಕ್ಕರೆಯನ್ನು ನೀರಿಗೆ ಕಲಸಿ ಕುಡಿದು ಹದಿನೈದು ನಿಮಿಷ ಕಾಯಬೇಕು, ಕಡಿಮೆಯಾಗದಿದ್ದರೆ ಇನ್ನೊಮ್ಮೆ. ಸರಿಯಾದ ಮೇಲೆ ಏನಾದರೂ ತಿಂದೇ ಗಾಡಿ ತೆಗೆಯಬೇಕು. ಡ್ಯಾಶ್‌ಬೋರ್ಡಿನಲ್ಲಿ ಸಕ್ಕರೆ ಪೊಟ್ಟಣ ಯಾವಾಗಲೂ ಇರಲಿ. ರಮಳಾನಿನಲ್ಲಿ ಮಾತ್ರ ಗಾಡಿಯಲ್ಲಿ ಕಾಣುವ ಖರ್ಜೂರದ ಡಬ್ಬಿ ಉಳಿದ ಹನ್ನೊಂದು ತಿಂಗಳೂ ಅಲ್ಲೇ ಇದ್ದರೆ ಯಾರಿಗೂ ನಷ್ಟವಿಲ್ಲ.

ಹೊತ್ತಿಗೆ ಊಟ ಮಾಡುವುದು ಕಾನೂನು ಕೊಟ್ಟ ಹಕ್ಕು ಕೂಡ. 2025ರ ತನಕ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ ಕೆಲಸ, 5 ಗಂಟೆಯೊಳಗೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಅಂತ ಹೇಳುತ್ತಿತ್ತು. ಸ್ವಂತ ಗಾಡಿಯವರಿಗೆ ಯಾರೂ ಬಂದು ವಿಶ್ರಾಂತಿ ಕೊಡುವುದಿಲ್ಲ, ತಾವೇ ಕೊಟ್ಟುಕೊಳ್ಳಬೇಕು. ಮಧ್ಯಾಹ್ನ ಹೊಟ್ಟೆ ಬಿರಿಯ ಪರೋಟ, ಫ್ರೈ ತಿಂದು ಕೂಡಲೇ ಗಾಡಿ ತೆಗೆದರೆ ಕಣ್ಣು ಎಳೆಯುತ್ತದೆ. ಸ್ವಲ್ಪ ಸ್ವಲ್ಪವೇ ಎರಡು ಸಲ ತಿನ್ನಲು ಬುತ್ತಿಯಷ್ಟು ಅನುಕೂಲ ಹೋಟೆಲಿನಲ್ಲಿ ಇಲ್ಲ.

ಬಂಗಾರಪೇಟೆಗೆ ಹೋದವರು ಅಲ್ಲಿಯ ಪಾನಿಪುರಿ ತಿನ್ನದೆ ಬರಬೇಡಿ, ನಾನು ಬೇಡ ಅನ್ನುವುದಿಲ್ಲ. ನೀರಿನ ಹಾಗೆ ತಿಳಿಯಾದ ಆ ಪಾನಿಗೆ ಹೆಸರುಂಟು. ಆದರೆ ಸಂಜೆ ರೈಲಿಳಿದು ಅದನ್ನೇ ರಾತ್ರಿಯ ಊಟ ಮಾಡಿಕೊಂಡರೆ ಹೊಟ್ಟೆ ಕೇಳಬೇಕಲ್ಲ.

ನಮ್ಮ ಕಡೆಯ ಒಂದು ಅಭ್ಯಾಸದ ಬಗ್ಗೆ ನೇರವಾಗಿಯೇ ಹೇಳಬೇಕು. ಮದುವೆ ಮನೆಯ ಬಿರಿಯಾನಿ ಉಳಿದರೆ ರಾತ್ರಿ ಪೂರ್ತಿ ಪಾತ್ರೆಯಲ್ಲೇ ಇಟ್ಟು, ಬೆಳಿಗ್ಗೆ ಬಿಸಿ ಮಾಡಿ ಲಾರಿಯವನಿಗೆ ಕಟ್ಟಿ ಕೊಡುತ್ತೇವೆ. ಅವನು ತಿನ್ನುವುದು ಮಧ್ಯಾಹ್ನ ಎರಡಕ್ಕೆ. ಅಕ್ಕಿಯಲ್ಲಿ ಇರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಾಣು ಬೇಯಿಸಿದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಅದು ಬೆಳೆದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ವಾಂತಿ ಭೇದಿ ಹಿಡಿದ ಮೇಲೆ ಹೋಟೆಲಿನ ಚಹಾಕ್ಕೆ ಬೈದು ಏನು ಪ್ರಯೋಜನ? ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು. ಬೆಳಿಗ್ಗೆ ಮಾಡಿದ ಅನ್ನವನ್ನೂ ಹೊಗೆಯಾಡುವಾಗಲೇ ಡಬ್ಬಿಗೆ ತುಂಬಿ ಬಿಗಿ ಮುಚ್ಚಬೇಡಿ. ಅಗಲ ತಟ್ಟೆಯಲ್ಲಿ ಹರಡಿ, ಫ್ಯಾನಿನ ಕೆಳಗೆ ಆರಿಸಿ ಕಟ್ಟಿ.

ನಮ್ಮ ಅಡುಗೆ ಮನೆಯಲ್ಲಿ ಪ್ರಯಾಣಕ್ಕೆ ಆಗುವಂಥದ್ದು ಇಲ್ಲವೆಂದಲ್ಲ. ಪತ್ತಿರ್ ಉಂಟು, ಕಲ್ತಪ್ಪ ಉಂಟು. ಪತ್ತಿರಿನ ಜೊತೆ ಕಾಯಿ ಅರೆದ ಸಾರು ಕೊಡುವ ಬದಲು ನೀರಿಲ್ಲದೆ ಹುರಿದ ಕಡಲೆ, ಮೊಟ್ಟೆ ಪಲ್ಯ ಕೊಡಿ. ಕಲ್ತಪ್ಪದಲ್ಲಿ ಬೆಲ್ಲ ಇರುವುದರಿಂದ ಶುಗರ್ ಇದ್ದವರಿಗೆ ಒಂದು ತುಂಡು ಸಾಕು. ಒಣಮೀನಿನ ಚಟ್ನಿ ಕೆಡುವುದಿಲ್ಲ ನಿಜ, ಆದರೆ ಉಪ್ಪಿನ ಲೆಕ್ಕ ಇಡಿ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು; ಬಿ.ಪಿ. ಇರುವವರಿಗೆ ಆ ಚಟ್ನಿ ಬೆರಳ ತುದಿಯಷ್ಟು ಇರಲಿ. ಬಾಳೆಹಣ್ಣಿಗೆ ಡಬ್ಬಿಯೂ ಬೇಡ.

ನೀರಿನ ವಿಷಯ ಎರಡೇ ಮಾತು. ಇಳಿಯುವ ಕೆಲಸ ಬೇಡ ಅಂತ ಚಾಲಕರು ನೀರು ಕುಡಿಯುವುದಿಲ್ಲ, ಶೌಚಾಲಯದ ಭಯಕ್ಕೆ ರೈಲಿನ ಹೆಣ್ಣುಮಕ್ಕಳು ಕುಡಿಯುವುದಿಲ್ಲ. ಮೂತ್ರದ ಉರಿ, ಕಲ್ಲು ಎರಡೂ ಅಲ್ಲಿಂದಲೇ ಬರುವುದು. ಕೋಲಾರದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವುದರಿಂದ ಆ ಕಡೆ ಹೋಗುವವರು ಮನೆಯ ನೀರು ಒಯ್ಯುವುದು ಒಳ್ಳೆಯದು.

ಇನ್ನು ಬುತ್ತಿ ಕಟ್ಟುವವರ ಕಷ್ಟ. ಐದಕ್ಕೆ ಹೊರಡುವವನಿಗೆ ಬುತ್ತಿ ಬೇಕೆಂದರೆ ಮನೆಯಲ್ಲಿ ಯಾರೋ ಮೂರೂವರೆಗೆ ಏಳಬೇಕು. ಆ ಯಾರೋ ಯಾರು ಅಂತ ನಿಮಗೇ ಗೊತ್ತು. ಕೆಜಿಎಫ್‌ನ ಹೆಂಗಸರಿಗೆ ಇದು ಡಬಲ್ ಕೆಲಸ, ಬುತ್ತಿ ಕಟ್ಟಿ ತಾವೂ ಅದೇ ರೈಲಿಗೆ ಓಡಬೇಕು. ಅವರು ಕಂಡುಕೊಂಡ ಉಪಾಯ ರಾತ್ರಿಯೇ ಅರ್ಧ ಮುಗಿಸುವುದು. ಪುಳಿಯೋಗರೆಯ ಗೊಜ್ಜು ಭಾನುವಾರ ಮಾಡಿದರೆ ವಾರಕ್ಕಾಗುತ್ತದೆ. ಚಟ್ನಿಪುಡಿ ತಿಂಗಳಿಗಾಗುತ್ತದೆ. ಮೊಟ್ಟೆ ಬೇಯಿಸುವುದಕ್ಕೆ, ಅನ್ನಕ್ಕೆ ಗೊಜ್ಜು ಕಲಸುವುದಕ್ಕೆ ಗಂಡಸಿನ ಕೈಯೂ ಸಾಕು. ಹತ್ತು ವರ್ಷದ ಹುಡುಗನೂ ರಾತ್ರಿ ನೆಲಗಡಲೆ ಹುರಿದು ಪೊಟ್ಟಣ ಕಟ್ಟಿಡಬಹುದು.

ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಜರಿದು ಗಂಟೆಗಟ್ಟಲೆ ಲಾರಿಗಳು ಸಾಲು ನಿಲ್ಲುವುದನ್ನು ನೋಡಿದ್ದೇವೆ. ಆಗ ಹೋಟೆಲಿಲ್ಲ, ಅಂಗಡಿ ಇಲ್ಲ. ಹಾಗಾಗಿ ದಿನದ ಬುತ್ತಿ ಬೇರೆ, ಗಾಡಿಯಲ್ಲೇ ಇರುವ ಡಬ್ಬಿ ಬೇರೆ. ಅರ್ಧ ಕಿಲೋ ಹುರಿಹಿಟ್ಟು, ಬೆಲ್ಲ, ನೆಲಗಡಲೆ, ಒಂದು ಚಮಚ, ಎರಡು ಲೀಟರ್ ನೀರು. ಕ್ಯಾಬಿನಿನ ಬಿಸಿಗೆ ನೆಲಗಡಲೆ ಬೇಗ ಕಮಟು ಹಿಡಿಯುತ್ತದೆ, ಹುರಿಹಿಟ್ಟಿಗೆ ಹುಳ ಬರುತ್ತದೆ. ತಿಂಗಳಿಗೊಮ್ಮೆ ಮನೆಗೆ ತಂದು ಖಾಲಿ ಮಾಡಿ, ಡಬ್ಬಿ ಬಿಸಿಲಿಗೆ ಒಣಗಿಸಿ ಹೊಸತು ತುಂಬಿಸಿ.