ಬಟ್ಟೆ ನಿಲ್ಲುವುದು ಹೆಗಲ ಮೇಲೆ

ಜಿಲ್ಲಾ ಕೇಂದ್ರವೊಂದರ ಹಳೇ ಪೇಟೆಬೀದಿಯಲ್ಲಿ ಮೂರು ಮಹಡಿಯ ಬಟ್ಟೆ ಅಂಗಡಿ. ಕೆಳಗೆ ಸೀರೆ, ಅದರ ಮೇಲೆ ರೆಡಿಮೇಡು, ತುದಿಯಲ್ಲಿ ಲಂಗ, ನೈಟಿ, ಒಳ ಉಡುಪು. ಮೆಟ್ಟಿಲ ಸಂದಿಯಲ್ಲಿ ಹೊಲಿಗೆಯವರು. ದಪ್ಪ, ಸಣ್ಣ, ಗಿಡ್ಡ, ಉದ್ದ ಅಂತ ಬೇರೆ ಬೇರೆ ಮೈಕಟ್ಟಿನ ಹೆಂಗಸರು ತಮಗೆ ಒಪ್ಪುವ ಬಟ್ಟೆಯನ್ನು ಇಲ್ಲಿ ಹೇಗೆ ಹುಡುಕಿಕೊಳ್ಳುತ್ತಾರೆ ಎಂದು ನೋಡಲು, ಗಿರಾಕಿಗಳ ನೂಕುನುಗ್ಗಲು ಇಲ್ಲದ ಮಧ್ಯಾಹ್ನ ಹೋದೆ.

ಬಾಗಿಲಲ್ಲೇ ಗಾಜಿನ ಹಿಂದೆ ಸಾಲಾಗಿ ಬೊಂಬೆಗಳು. ಎಲ್ಲಕ್ಕೂ ಒಂದೇ ಅಚ್ಚಿನ ಮೈ: ನೀಳ ಕತ್ತು, ಚಪ್ಪಟೆ ಹೊಟ್ಟೆ, ಇಲ್ಲವೆನ್ನುವಷ್ಟು ಸಣ್ಣ ಸೊಂಟ. ಚಪ್ಪಲಿ ಬಿಡುವ ನೆಪದಲ್ಲಿ ಪಕ್ಕಕ್ಕೆ ಸರಿದು ಅವುಗಳ ಬೆನ್ನ ಕಡೆ ಇಣುಕಿದೆ. ಮುಂದಿನಿಂದ ಅಷ್ಟು ನೀಟಾಗಿ ಕೂತಿದ್ದ ಕುರ್ತಿಯ ಹಿಂಬದಿಯನ್ನು ಮಡಿಸಿ, ಉದ್ದಕ್ಕೂ ಕ್ಲಿಪ್ಪು ಹಾಕಿ ಬಿಗಿದಿದ್ದರು. ಬೊಂಬೆಗೂ ರೆಡಿಮೇಡು ಸರಿಹೋಗುವುದಿಲ್ಲ ಎಂದಾಯಿತು.

ಸೀರೆ ವಿಭಾಗದಲ್ಲಿ ಮೆತ್ತೆ ಹಾಸಿದ ಕಟ್ಟೆ. ಗಿಡ್ಡಕ್ಕೆ, ಮೈತುಂಬಿಕೊಂಡಿದ್ದ ಒಬ್ಬರು ಮೊಳದಗಲ ಜರಿ ಅಂಚಿನ ಸೀರೆಯನ್ನೇ ಹಿಡಿದು ಕೂತಿದ್ದರು. ಮಾರುವವನು ಅದನ್ನು ಕಿತ್ತುಕೊಳ್ಳಲಿಲ್ಲ. ಸಣ್ಣ ಅಂಚಿನ ಇನ್ನೊಂದನ್ನು ತನ್ನ ಹೆಗಲ ಮೇಲೆ ಹೊದ್ದು, ನೆರಿಗೆ ಹಿಡಿದು, ಎದ್ದು ನಿಂತ. "ದೊಡ್ಡ ಬಾರ್ಡರ್ ಕಾಲಿನ ಅರ್ಧ ನುಂಗಿಬಿಡುತ್ತೆ ಅಮ್ಮ" ಎಂದ. ಅದು ನಿಜ. ಅಗಲ ಅಂಚು ಸೀರೆಯನ್ನು ಅಡ್ಡಡ್ಡ ಕತ್ತರಿಸಿದಂತೆ ಕಾಣುತ್ತದೆ, ಎತ್ತರ ಇನ್ನಷ್ಟು ಕಡಿಮೆಯಾದ ಹಾಗೆ. ಉದ್ದ ಇರುವವರಿಗೆ ಅದೇ ಅಂಚು ಲಕ್ಷಣ. ಆದರೂ ಆಕೆ ಅಗಲ ಅಂಚಿನದನ್ನೇ ಕಟ್ಟಿಸಿಕೊಂಡರು. ಮಗಳ ಮದುವೆಯಂತೆ. ಮದುವೆಮನೆಯಲ್ಲಿ ಜರಿ ಕಾಣಬೇಕೋ ಎತ್ತರ ಕಾಣಬೇಕೋ ಅನ್ನುವುದು ಉಡುವವರಿಗೇ ಬಿಟ್ಟದ್ದು.

ಅಂಚಿಗಿಂತ ಹೆಚ್ಚು ಕೆಲಸ ಮಾಡುವುದು ಬಟ್ಟೆ ಮೈಮೇಲೆ ಬೀಳುವ ರೀತಿ. ಕ್ರೇಪ್ ನೂಲಿನ ಮೈಸೂರು ಸಿಲ್ಕು, ಜಾರ್ಜೆಟ್ಟು ಮೈಯ ಇಳಿಜಾರನ್ನು ಅನುಸರಿಸಿ ಬೀಳುತ್ತವೆ. ಗಂಜಿ ಹಾಕಿದ ಕಾಟನ್ ಮೈಯಿಂದ ದೂರ ಸೆಟೆದು ನಿಲ್ಲುತ್ತದೆ. ತೆಳ್ಳಗಿರುವವರಿಗೆ ಈ ಸೆಟೆತ ಮೈ ತುಂಬಿಸಿಕೊಡುತ್ತದೆ. ಸೊಂಟದ ಕೆಳಗೆ ಅಗಲ ಇರುವವರಿಗೆ ಅದು ಇನ್ನೊಂದು ಸುತ್ತು ಸೇರಿಸುತ್ತದೆ, ಆದರೆ ಸೆಕೆಗಾಲದಲ್ಲಿ ಮೈಗಂಟದ ಕಾಟನ್ನಿನ ಸುಖ ಜಾರ್ಜೆಟ್ಟಿನಲ್ಲಿ ಇಲ್ಲ. ನನ್ನನ್ನು ಕೇಳಿದರೆ ನಾಲ್ಕಾರು ಸಲ ಒಗೆದು ಮೆತ್ತಗಾದ ಕಾಟನ್ನೇ ಸರಿ, ಅಂಗಡಿಯಲ್ಲಿ ಮಾತ್ರ ಅದು ಸಿಗುವುದಿಲ್ಲ. ಇನ್ನು ಉದ್ದದ ಲೆಕ್ಕ. ಸೀರೆ ಸುಮಾರು ಐದೂವರೆ ಮೀಟರು. ಮೈ ಸುತ್ತಲು ಹೆಚ್ಚು ಹೋದವರಿಗೆ ನೆರಿಗೆಗೆ ಕಡಿಮೆ ಉಳಿಯುತ್ತದೆ. ಸಣ್ಣ ಮೈಯವರಿಗೆ ನೆರಿಗೆ ಮಿಕ್ಕಿ ಹೊಟ್ಟೆಯ ಮೇಲೆ ಗುಡ್ಡೆ ಬೀಳುತ್ತದೆ. ಅಂಥವರು ಒಳಗೆ ಇನ್ನೊಂದು ಸುತ್ತು ಎಳೆದುಕೊಳ್ಳುತ್ತಾರೆ.

ಮೊದಲ ಮಹಡಿ ಹತ್ತಿದರೆ ಕುರ್ತಿಗಳ ಕಾಡು. ಎಂ ಅಂದರೆ 38, ಎಲ್ ಅಂದರೆ 40, ಎಕ್ಸೆಲ್ ಅಂದರೆ 42. ಈ ಇಂಚು ಎದೆಸುತ್ತಿನದೋ ಹೊಲಿದ ಬಟ್ಟೆಯದೋ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಒಂದು ಕಂಪನಿಯ ಎಲ್ ಮೇಲೆ ಇನ್ನೊಂದರ ಎಲ್ ಇಟ್ಟು ನೋಡಿದೆ, ಕಂಕುಳ ಹತ್ತಿರ ಎರಡು ಬೆರಳಿನಷ್ಟು ವ್ಯತ್ಯಾಸ. ಪಕ್ಕದಲ್ಲಿದ್ದ ಕಾಲೇಜು ಹುಡುಗಿ ಎಕ್ಸೆಲ್ ಕೊಟ್ಟರೆ ಮುಟ್ಟುವುದಕ್ಕೂ ಒಪ್ಪದೆ ಬಿಗಿಯಾದ ಎಲ್ಲನ್ನೇ ಆರಿಸಿದಳು. ಆ ಸೈಜಿನ ಚೀಟಿ ಕತ್ತಿನ ಹಿಂದೆ, ಒಳಗಡೆ ಇರುತ್ತದೆ. ಕತ್ತರಿ ಸಾಕು ತೆಗೆಯುವುದಕ್ಕೆ.

ಇಲ್ಲಿ ಮಾರುವ ಹುಡುಗಿಯರು ಮೈಕಟ್ಟಿಗೆ ಪಿಯರ್, ಸೇಬು ಅಂತೆಲ್ಲ ಹಣ್ಣಿನ ಹೆಸರು ಹೇಳುವುದಿಲ್ಲ. "ಮೇಡಂಗೆ ಸೀಟ್ ಜಾಸ್ತಿ, ಎ-ಲೈನ್ ತೋರ್ಸು" ಅಂದರು ಒಬ್ಬರು, ನನ್ನ ಎದುರೇ. ಮಾತು ಒರಟಾದರೂ ಲೆಕ್ಕ ಸರಿ: ಸೊಂಟದಿಂದ ಕೆಳಗೆ ಅಗಲವಾಗುತ್ತ ಹೋಗುವ ಕಟ್ಟು ಅಂಥ ಮೈಯನ್ನು ಎಲ್ಲೂ ಹಿಡಿಯದೆ ಇಳಿಯುತ್ತದೆ. ನೇರ ಕಟ್ಟೇ ಬೇಕೆಂದರೆ ಪಕ್ಕದ ಸೀಳು ಎಲ್ಲಿ ಶುರುವಾಗುತ್ತದೆ ನೋಡಬೇಕು. ಸೊಂಟದ ಅತಿ ಅಗಲ ಜಾಗಕ್ಕಿಂತ ಕೆಳಗೆ ಶುರುವಾದರೆ ಕೂತಾಗ ಸೀಳಿನ ಬಾಯಿ ಹರಿಯುತ್ತದೆ. ಹೊಟ್ಟೆ ಮುಂದಿರುವವರ ತೊಂದರೆ ಇನ್ನೊಂದು: ಮುಂದಿನ ಅಂಚು ಮೇಲೆ ಹೋಗಿ ಹಿಂದಿನದು ಜೋಲುತ್ತದೆ. ಎದೆಯ ಕೆಳಗೇ ಜೋಡಿಸಿ ಅಲ್ಲಿಂದ ಸಡಿಲ ಬಿಟ್ಟ ಕಟ್ಟು ಅದಕ್ಕೆ ಆಗಿಬರುತ್ತದೆ. ಜೇಬಿನ ಕುರ್ತಿ ಈಗ ಎಲ್ಲರಿಗೂ ಇಷ್ಟ, ನನಗೂ. ಆದರೆ ಮೊಬೈಲು ಇಟ್ಟ ಕೂಡಲೇ ಅದು ಉಬ್ಬುವುದು ಸೊಂಟದ ಪಕ್ಕದಲ್ಲೇ.

ಅಡ್ಡ ಪಟ್ಟೆಯ ಕುರ್ತಿಗಳನ್ನು ಮೂಲೆಗೆ ತಳ್ಳಿದ್ದರು. ಅಡ್ಡ ಪಟ್ಟೆ ದಪ್ಪ ಕಾಣಿಸುತ್ತದೆ ಅನ್ನುವ ನಂಬಿಕೆ ಎಲ್ಲ ಕಡೆ ಇದೆ. ವಿಚಿತ್ರವೆಂದರೆ 19ನೇ ಶತಮಾನದಲ್ಲೇ ಜರ್ಮನ್ ವಿಜ್ಞಾನಿಯೊಬ್ಬರು ಇದಕ್ಕೆ ಉಲ್ಟಾ ಗಮನಿಸಿದ್ದರು: ಅಡ್ಡಗೆರೆ ತುಂಬಿದ ಚೌಕ, ಉದ್ದಗೆರೆ ತುಂಬಿದ ಅದೇ ಅಳತೆಯ ಚೌಕಕ್ಕಿಂತ ಎತ್ತರವಾಗಿ ಕಾಣುತ್ತದೆ. ಮೈ ಚೌಕವಲ್ಲ ಅನ್ನುವುದು ಬೇರೆ ಮಾತು. ಪಟ್ಟೆಗೆ ಹೆದರಿ ಇಷ್ಟದ ಬಟ್ಟೆ ಬಿಡುವಂಥದ್ದೇನೂ ಇಲ್ಲ ಎಂದೇ ನನಗನ್ನಿಸಿತು.

ಟ್ರಯಲ್ ರೂಮಿನ ಕನ್ನಡಿಯ ಬುಡ ಕೊಂಚ ಮುಂದೆ ಬಂದು, ತಲೆ ಗೋಡೆಗೆ ಒರಗಿತ್ತು. ಅದರಲ್ಲಿ ನಾನು ಇರುವುದಕ್ಕಿಂತ ಉದ್ದ ಕಂಡೆ. ಬೇಕೆಂದೇ ಹಾಗಿಟ್ಟಿದ್ದರೋ ಮೊಳೆ ಸಡಿಲಾಗಿತ್ತೋ ಹೇಳಲಾರೆ. ಕನ್ನಡಿ ಬಿಟ್ಟು ಕೈ ಎತ್ತಿ ನೋಡಿದೆ. ಎದೆಗೆ ಸರಿಯಾಗಿದ್ದ ಕುರ್ತಿ ಕೈ ಮೇಲೆ ಹೋದ ತಕ್ಷಣ ಒಂದು ಗೇಣು ಏರಿತು. ಕಂಕುಳ ಕೊರೆತ ತೀರಾ ಕೆಳಗಿಳಿದರೆ ಹೀಗಾಗುತ್ತದೆ; ಕಂಕುಳ ಹತ್ತಿರದಲ್ಲೇ, ಆದರೆ ಒತ್ತದಂತೆ ಕೊರೆದದ್ದಾದರೆ ಕೈಯೊಂದೇ ಎದ್ದು ಬಟ್ಟೆ ನಿಂತಲ್ಲೇ ನಿಲ್ಲುತ್ತದೆ. ಬಸ್ಸಿನ ಕಂಬಿ ಹಿಡಿಯುವವರಿಗೆ, ಬೋರ್ಡಿನ ಮೇಲೆ ಬರೆಯುವವರಿಗೆ ಬಣ್ಣಕ್ಕಿಂತ ಇದೇ ಮುಖ್ಯ. ಒಳಗೆ ಸ್ಟೂಲು ಇರಲಿಲ್ಲ, ಕೂತು ನೋಡಲು ಆಗಲಿಲ್ಲ.

ತುದಿಯ ಮಹಡಿಯಲ್ಲಿ ಬೇಗ ಸುತ್ತಿದೆ. ಸೀರೆಯೊಳಗೆ ಹಾಕುವ ಮೀನುಕಟ್ಟಿನ ಬಿಗಿ ಲಂಗಗಳು ಒಂದು ಇಡೀ ಗೋಡೆ ತುಂಬಿದ್ದವು. ಫೋಟೋಗೆ ಚೆಂದ, ಆದರೆ ಪಂಕ್ತಿಯಲ್ಲಿ ನೆಲಕ್ಕೆ ಕೂರುವ ಊಟಕ್ಕೆ ಹೋಗುವವರು ಯೋಚಿಸಿ ಕೊಳ್ಳಲಿ. ಪಕ್ಕದಲ್ಲೇ ಹಳೇ ಕಾಟನ್ ಲಂಗ, ಸಣ್ಣ ಲಾಡಿ. ಆ ಲಾಡಿ ವರ್ಷಗಟ್ಟಲೆ ಒಂದೇ ಜಾಗದಲ್ಲಿ ಬಿಗಿದು ಚರ್ಮ ಕಪ್ಪಾಗುವುದು ನಮ್ಮ ಮನೆಗಳಲ್ಲಿ ಎಲ್ಲರೂ ಕಂಡದ್ದೇ. ಅಪರೂಪಕ್ಕೆ ಅಲ್ಲಿ ವಾಸಿಯಾಗದ ಹುಣ್ಣಾಗಿ ಕ್ಯಾನ್ಸರಿಗೆ ತಿರುಗಿದ ಪ್ರಕರಣಗಳನ್ನೂ ನಮ್ಮ ದೇಶದ ವೈದ್ಯರು ವರದಿ ಮಾಡಿದ್ದಾರೆ. ಅಗಲ ಪಟ್ಟಿಯ ಲಂಗ ಇದೆಯೇ ಅಂದೆ. ಹುಡುಕಿ, ಕೆಳಗಿನ ಖಾನೆಯಿಂದ ಒಂದೇ ಒಂದು ಬಣ್ಣ ತೆಗೆದರು.

ಇಳಿಯುವಾಗ ಮೆಟ್ಟಿಲ ಸಂದಿಯ ಹೊಲಿಗೆಯವರ ಹತ್ತಿರ ನಿಂತೆ. ಆಗಲೇ ನೋಡಿದ ಕಾಲೇಜು ಹುಡುಗಿ ಅಲ್ಲಿದ್ದಳು, ಎಲ್ ಕುರ್ತಿ ಬಿಡಿಸಿಕೊಡಿ ಅಂತ. ಒಳಗಿನ ಹೊಲಿಗೆ ತಿರುಗಿಸಿ ನೋಡಿದರೆ ಬಟ್ಟೆ ಬಿಟ್ಟಿದ್ದು ಕಾಲಿಂಚೂ ಇಲ್ಲ. "ಪಕ್ಕ ಹಿಡಿಯೋದು ಹತ್ತು ನಿಮಿಷದ ಕೆಲಸ, ಬಿಡಿಸಬೇಕಾದರೆ ಬಟ್ಟೆ ಇರಬೇಕಲ್ಲ" ಎಂದರು ಅವರು. ಹೆಗಲು ದೊಡ್ಡದಾಗಿದ್ದರೆ ಹೇಗೆ ಅಂದೆ. ತೋಳು ಪೂರ್ತಿ ಬಿಚ್ಚಿ ಮತ್ತೆ ಕೂರಿಸಬೇಕು, ಕೂಲಿ ಕೊಟ್ಟದ್ದು ದಂಡ ಅಂದರು. ಹಾಗಾಗಿ ಹೆಗಲ ಹೊಲಿಗೆ ಹೆಗಲ ಮೂಳೆಯ ತುದಿಗೇ ಕೂತಿದೆಯೋ ಮೊದಲು ನೋಡಿ, ಸೊಂಟ ಸಡಿಲ ಇದ್ದರೂ ಕೊಳ್ಳಿ ಎನ್ನುವುದು ಅವರ ಮಾತು.

ಆ ಹುಡುಗಿಯನ್ನು ಎಕ್ಸೆಲ್ ತರುವುದಕ್ಕೆ ಮೇಲೆ ಕಳಿಸಿ, ನಾನು ಹೊಲಿಸಲೆಂದು ತಂದಿದ್ದ ಬ್ಲೌಸ್ ಪೀಸು ಕೈಗೆತ್ತಿಕೊಂಡರು. ಅಳತೆ ಬ್ಲೌಸ್ ಎಷ್ಟು ವರ್ಷ ಹಳೆಯದು, ಆಮೇಲೆ ಮೈ ಬಂದಿದೆಯಾ, ಲೈನಿಂಗ್ ನೀರಿಗೆ ಹಾಕಿದ್ದೀರಾ ಎಂದು ಕೇಳಿದರು. ಹಾಕಿರಲಿಲ್ಲ. ಕಾಟನ್ ಲೈನಿಂಗ್ ಹೊಲಿದ ಮೇಲೆ ಕುಗ್ಗಿದರೆ ಬ್ಲೌಸೆಲ್ಲ ಸುಕ್ಕು ಎಳೆಯುತ್ತದೆ, ನೆನೆಸಿ ಒಣಗಿಸಿಕೊಂಡು ಬನ್ನಿ ಎಂದು ವಾಪಸ್ ಕೊಟ್ಟರು.